ಒಮ್ಮೆ ಕರಗಿದ ಇಲಿ

ಮಾರ್ಚ್ 3

ಅಣ್ಣ,

ನಿನಗಿಂತ ಮೊದಲು ಈ ಕಾಗದ ಒಡೆದು ಓದುವ ಜೈಲಿನ ಸಾಹೇಬರಿಗೆ ನಮಸ್ಕಾರ. ಸಾಹೇಬರೇ, ಇದರಲ್ಲಿ ಗುಟ್ಟಿನ ಭಾಷೆ ಏನೂ ಇಲ್ಲ. ಇಲಿ ಅಂದರೆ ಇಲಿಯೇ, ಹಾವು ಅಂದರೆ ಹಾವೇ.

ಅಣ್ಣ, ಶನಿವಾರ ಮಧ್ಯಾಹ್ನ ಹೋದ ಕರೆಂಟು ಭಾನುವಾರ ಸಂಜೆ ಬಂತು. ಶನಿವಾರ ಅಂಗಡಿಯಲ್ಲಿ ಕನ್ನಡಕಗಳ ರಾಶಿ ಬಿದ್ದಿತ್ತು, ಗಾಜು ಉಜ್ಜಿ ಉಜ್ಜಿ ಕೈ ಸೋತು ಮನೆಗೆ ಬಂದವಳು ಹಾಗೇ ಮಲಗಿಬಿಟ್ಟೆ. ಭಾನುವಾರ ನೋಡಿದರೆ ಫ್ರಿಜ್ಜಿನ ಕೆಳಗೆ ನೀರು ನಿಂತಿದೆ. ನಿನ್ನ ಹಾವು ಅಮ್ಮಣ್ಣಿಗೆಂದು ಹೆಪ್ಪುಗಟ್ಟಿಸಿಟ್ಟ ಸತ್ತ ಇಲಿಗಳ ಡಬ್ಬ ತೆರೆದೆ. ಇಪ್ಪತ್ತೆರಡಿದ್ದವು, ಒಂದೊಂದೂ ಬೇರೆ ಬೇರೆ ಚೀಲದಲ್ಲಿ, ನೀನು ಹೇಳಿದ್ದ ಹಾಗೆಯೇ. ಮೇಲಿನವು ಮೆತ್ತಗಾಗಿದ್ದವು. ತಳದವನ್ನು ಒತ್ತಿದರೆ ಒಳಗಿನ್ನೂ ಗಟ್ಟಿ ಇದ್ದ ಹಾಗಿತ್ತು. ಇವನ್ನು ಮತ್ತೆ ಹೆಪ್ಪುಗಟ್ಟಿಸಬಹುದಾ? ಇಲಿ ಮಾರುವವನು ಇನ್ನು ಬರುವುದು ತಿಂಗಳ ಮೇಲೆ. ಅಷ್ಟು ದಿನ ಅಮ್ಮಣ್ಣಿಯನ್ನು ಉಪವಾಸ ಕೆಡವಲು ಮನಸ್ಸಿಲ್ಲ. ನಿನ್ನ ಹಾವು ನಾಲ್ಕೇ ಅಡಿಯ ಹೆಬ್ಬಾವಿರಬಹುದು, ಕೋಪ ಮಾತ್ರ ಹದಿನಾಲ್ಕು ಅಡಿ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನನ್ನ ಮಗನ್ನ ಕೊಂದೋನ ಹಾವಿಗೆ ಊಟದ ಚಿಂತೆ ನೋಡು ಇವಳಿಗೆ" ಎಂದರು. ನಾನೂ ಎಂದಿನ ಮಾತನ್ನೇ ಹೇಳಿದೆ. ಫ್ಯಾಕ್ಟರಿ ಕ್ಯಾಂಟೀನಿನ ಕೋಳಿ ತಿಂದು ನಾಲ್ಕು ಜನ ಸತ್ತರು, ಅವರಲ್ಲಿ ನನ್ನ ಗಂಡನೂ ಒಬ್ಬ, ನಿಜ. ಆ ಮಾಂಸ ಇಟ್ಟಿದ್ದ ತಣ್ಣನೆ ಕೋಣೆಯ ಬೀಗದಕೈ ಅಣ್ಣನ ಹತ್ತಿರವಿತ್ತು, ಅದೂ ನಿಜ. ಆದರೆ ರಜೆಯ ಎರಡು ದಿನ ಕರೆಂಟು ಹೋಗಿ ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಮಾಂಸ ಕಲ್ಲಿನ ಹಾಗೆ ಗಟ್ಟಿಯಿತ್ತು, ಪಾಪ ಅವನಿಗೆ ಹೇಗೆ ತಿಳಿಯಬೇಕು? ಎರಡು ವರ್ಷದಿಂದ ಕೋರ್ಟಿನಲ್ಲೂ ಅಂಗಡಿಯಲ್ಲೂ ಅಡುಗೆಮನೆಯಲ್ಲೂ ಇದನ್ನೇ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಅತ್ತೆ ಒಳಗೆ ಹೋದರು.

ಬೇಗ ಬರಿ. ನಿನ್ನನ್ನು ಬಿಟ್ಟರೆ ಇದನ್ನೆಲ್ಲ ಬಲ್ಲವರು ನನಗೆ ಯಾರೂ ಇಲ್ಲ.

ಮಂಕು


ಮಾರ್ಚ್ 14

ಮಂಕು,

ನಿನಗೆ ಈ ಹೆಸರಿಟ್ಟ ಅಪ್ಪನಿಗೆ ಮುಂದಿನದೆಲ್ಲ ಗೊತ್ತಿತ್ತು ಕಾಣುತ್ತದೆ. ಇಲಿ ಕರಗುತ್ತಿದೆ, ಏನು ಮಾಡಲಿ ಎಂದು ಐದಾರು ದಿನ ದಾರಿಯಲ್ಲೇ ಕಳೆಯುವ ಕಾಗದದಲ್ಲಿ ಕೇಳಿದ್ದೀಯ. ಮನೆಗೆ ಬೆಂಕಿ ಬಿದ್ದರೂ ನೀನು ಮೊದಲು ಅಂಚೆಚೀಟಿ ಹುಡುಕುತ್ತೀಯ.

ಕೇಳಿಸಿಕೋ. ಒತ್ತಿದಾಗ ನಡುವೆ ಇನ್ನೂ ಗಟ್ಟಿಯಿದ್ದು, ಮುಟ್ಟಿದರೆ ಫ್ರಿಜ್ಜಿನ ನೀರಿನಷ್ಟು ತಣ್ಣಗಿದ್ದರೆ ಒಂದು ಸಲ ಮತ್ತೆ ಹೆಪ್ಪುಗಟ್ಟಿಸಬಹುದು. ಒಂದೇ ಸಲ. ಅದನ್ನು ಬೇರೆ ಚೀಲಕ್ಕೆ ಹಾಕಿ, ಗುರುತು ಮಾಡಿ, ಮೊದಲು ಅದನ್ನೇ ಖರ್ಚು ಮಾಡಬೇಕು. ಪೂರ್ತಿ ಮೆತ್ತಗಾಗಿ ಕೋಣೆಯಷ್ಟೇ ಬೆಚ್ಚಗಾಗಿದ್ದರೆ ಕಸಕ್ಕೆ. ಇಲಿಯ ಹೊಟ್ಟೆಯೊಳಗೆ ಅದು ತಿಂದದ್ದೆಲ್ಲ ಹಾಗೇ ಇರುತ್ತದೆ, ಕೊಳೆಯುವುದು ಒಳಗಿನಿಂದ. ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಕೊಟ್ಟದ್ದನ್ನು ಅಮ್ಮಣ್ಣಿ ಮುಟ್ಟದೆ ಬಿಟ್ಟರೆ ಅದೂ ಕಸಕ್ಕೇ. "ಅಯ್ಯೋ ದಂಡ ಆಯ್ತಲ್ಲ" ಎಂದು ಮತ್ತೆ ಫ್ರಿಜ್ಜಿಗೆ ತುರುಕಿದೆಯೋ, ನಿನ್ನನ್ನು ಸುಮ್ಮನೆ ಬಿಡುವುದಿಲ್ಲ. ಹಿಂದಿನ ದಿನ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು ನಿಧಾನ ಕರಗಿಸಬೇಕು, ಕೊಡುವ ಮುಂಚೆ ಚೀಲದ ಸಮೇತ ಬಿಸಿನೀರಲ್ಲಿ ಹತ್ತು ನಿಮಿಷ. ಒಲೆಯ ಪಕ್ಕ ಇಡಬಾರದು, ಬಿಸಿಲಿಗೆ ಇಡಬಾರದು. ಇದನ್ನು ನಿನಗೆ ಎಷ್ಟನೆಯ ಸಲ ಹೇಳುತ್ತಿದ್ದೇನೋ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಇಲ್ಲಿ ನನ್ನನ್ನು ಅಡುಗೆಮನೆ ಕಡೆಗೆ ಬಿಡುವುದಿಲ್ಲ. ಇಪ್ಪತ್ತೊಂದು ವರ್ಷ ಉಗ್ರಾಣ ನೋಡಿಕೊಂಡವನನ್ನು ತೋಟದಲ್ಲಿ ಕಳೆ ಕೀಳಲು ಹಾಕಿದ್ದಾರೆ. ಇವರ ಉಗ್ರಾಣದಲ್ಲಿ ಹಾಲಿನ ಪಕ್ಕದಲ್ಲೇ ಹಸಿ ಮೀನಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೇಲ್ಮನವಿ ಜುಲೈ ಐದಕ್ಕೆ ಬರುತ್ತದೆ ಎಂದು ವಕೀಲರು ಹೇಳಿಕಳಿಸಿದ್ದಾರೆ. ನಿನ್ನ ಹೇಳಿಕೆಯೇ ಮುಖ್ಯವಂತೆ. ಗಂಡನನ್ನು ಕಳೆದುಕೊಂಡವಳೇ ನನ್ನ ಪರವಾಗಿ ನಿಂತಿದ್ದಾಳೆ ಎಂದರೆ ಯಾವ ನ್ಯಾಯಾಧೀಶನಾದರೂ ಯೋಚನೆ ಮಾಡುತ್ತಾನೆ. ಅಲ್ಲಿ ತಡವರಿಸಬೇಡ.

ಅಣ್ಣ


ಮಾರ್ಚ್ 25

ಅಣ್ಣ,

ಬೈಯಬೇಡ. ನಿನ್ನನ್ನು ಕೇಳಿ ಬರೆಯುವ ಮೊದಲೇ, ಕರೆಂಟು ಬಂದ ಸಂಜೆಯೇ, ಇಪ್ಪತ್ತೆರಡನ್ನೂ ಮತ್ತೆ ಡಬ್ಬಕ್ಕೆ ಹಾಕಿ ಮುಚ್ಚಿಬಿಟ್ಟಿದ್ದೆ. ಬೆಳಿಗ್ಗೆಗೆ ಎಲ್ಲ ಕಲ್ಲಾಗಿದ್ದವು. ಹೋದ ಭಾನುವಾರ ಒಂದನ್ನು ಕರಗಿಸಿ ಕೊಟ್ಟೆ. ಅಮ್ಮಣ್ಣಿ ಗಬಕ್ಕನೆ ಹಿಡಿಯಿತು, ನುಂಗಿತು. ಮೂರನೆಯ ದಿನ ಪೆಟ್ಟಿಗೆ ತೆರೆದರೆ ಇಲಿ ಹೊರಗೆ ಬಿದ್ದಿತ್ತು, ಅರ್ಧ ಕರಗಿದ್ದು. ಆ ನಾತ! ಅತ್ತೆ ಮೂಗು ಮುಚ್ಚಿಕೊಂಡು ಮೆಟ್ಟಿಲು ಇಳಿದು ಹೋದವರು ಸಂಜೆಯವರೆಗೂ ಬರಲಿಲ್ಲ. ಅಮ್ಮಣ್ಣಿ ಮೂಲೆಯಲ್ಲಿ ಸುತ್ತಿಕೊಂಡು ಬಿದ್ದಿದೆ, ಮುಟ್ಟಿದರೂ ತಲೆ ಎತ್ತುವುದಿಲ್ಲ. ನನಗೆ ಅಳು ಬಂತು. ನಿನ್ನದೆಂದು ನನ್ನ ಹತ್ತಿರ ಇರುವುದು ಅದೊಂದೇ.

ಈಗ ಉಳಿದ ಇಪ್ಪತ್ತೊಂದನ್ನು ಏನು ಮಾಡಲಿ? ಯಾವುದು ಮೆತ್ತಗಾಗಿತ್ತು, ಯಾವುದು ಗಟ್ಟಿಯಿತ್ತು, ಒಂದೂ ನೆನಪಿಲ್ಲ. ಎಲ್ಲವೂ ಒಂದೇ ಥರ ಗಟ್ಟಿ. ಆಗ ನಿನ್ನ ನೆನಪಾಯಿತು. ಆ ಸೋಮವಾರ ನೀನು ಬಾಗಿಲು ತೆಗೆದು ನಿಂತಾಗಲೂ ಹೀಗೇ ಇದ್ದಿರಬೇಕಲ್ಲ. ಎಲ್ಲ ಕಲ್ಲು. ಇಪ್ಪತ್ತೊಂದು ವರ್ಷ ಅದೇ ಕೆಲಸ ಮಾಡಿದ ನಿನಗೇ ತಿಳಿಯದ ಮೇಲೆ ಕನ್ನಡಕ ಉಜ್ಜುವ ನನಗೆ ಎಲ್ಲಿಂದ ತಿಳಿಯಬೇಕು? ಹಾಗಂದುಕೊಂಡ ಮೇಲೆ ಮನಸ್ಸಿಗೆ ಒಂಚೂರು ಸಮಾಧಾನವಾಯಿತು. ನಿನ್ನನ್ನು ದೂರುವವರೆಲ್ಲ ಒಮ್ಮೆ ಬಂದು ಈ ಡಬ್ಬದೊಳಗೆ ಇಣುಕಿ ನೋಡಬೇಕು.

ಅಮ್ಮಣ್ಣಿಗೆ ಏನು ಮಾಡಲಿ, ಬೇಗ ಹೇಳು.

ಮಂಕು


ಏಪ್ರಿಲ್ 6

ಮಂಕು,

ನಿನ್ನ ಕಾಗದ ಓದಿ ಅನ್ನ ಇಳಿಯಲಿಲ್ಲ. ಅಮ್ಮಣ್ಣಿಯನ್ನು ಎರಡು ವಾರ ಮುಟ್ಟಬೇಡ. ತಿನ್ನಲು ಏನೂ ಕೊಡಬೇಡ, ನೀರು ಮಾತ್ರ ಇಡು. ಪೆಟ್ಟಿಗೆ ಬೆಚ್ಚಗಿರಲಿ. ಆಮೇಲೆ ತೀರ ಸಣ್ಣ ಇಲಿ ಒಂದು. ಮತ್ತೆ ಕಕ್ಕಿದರೆ ಬದುಕುವುದು ಕಷ್ಟ. ಅದು ಸತ್ತರೆ ನಾನು ನಿನ್ನ ಮುಖ ನೋಡುವುದಿಲ್ಲ.

ಇನ್ನೊಂದು. ನನಗೇ ತಿಳಿಯುತ್ತಿರಲಿಲ್ಲ ಎಂದು ಬರೆದಿದ್ದೀಯಲ್ಲ, ಯಾರು ಹೇಳಿದರು ನಿನಗೆ? ನಿನ್ನ ಹಾಗೆ ಕಣ್ಣಿದ್ದೂ ಕುರುಡನೇ ನಾನು? ಒಮ್ಮೆ ಕರಗಿ ಗಟ್ಟಿಯಾದದ್ದು ಎಂದೂ ಮೊದಲಿನ ಹಾಗಿರುವುದಿಲ್ಲ. ಚೀಲದ ಮೂಲೆ ನೋಡು, ಕೆಂಪು ಬೆರೆತ ನೀರು ಇಳಿದು ಅಲ್ಲೇ ಮಂಜುಗಡ್ಡೆಯಾಗಿ ಕೂತಿರುತ್ತದೆ. ಕರಗದೆ ಉಳಿದ ಚೀಲದಲ್ಲಿ ಅದು ಇರುವುದೇ ಇಲ್ಲ. ಇಲಿಯ ಒಂದು ಮಗ್ಗುಲು ಚಪ್ಪಟೆಯಾಗಿರುತ್ತದೆ, ಮೆತ್ತಗಾದಾಗ ಯಾವುದರ ಮೇಲೆ ಮಲಗಿತ್ತೋ ಅದರ ಅಚ್ಚು ಹಾಗೇ ಕೂತುಬಿಡುತ್ತದೆ. ಕೂದಲು ಚೀಲಕ್ಕೆ ಅಂಟಿರುತ್ತದೆ. ಹೊಟ್ಟೆಯ ಕೆಳಗೆ ಹಸಿರು ಛಾಯೆ ಇದ್ದರಂತೂ ಮಾತೇ ಬೇಡ. ಇದಕ್ಕೆ ದುರ್ಬೀನು ಬೇಕೇನು? ನಾನು ಕತ್ತಲೆಯಲ್ಲಿ ಕೈಯಾಡಿಸಿ ಹೇಳುತ್ತೇನೆ. ಚೀಲ ಎತ್ತಿದ ಕೂಡಲೇ ಬೆರಳಿಗೆ ಗೊತ್ತಾಗುತ್ತದೆ. ಈ ಕೆಲಸದಲ್ಲಿ ವರ್ಷ ಕಳೆದವನು ಯಾರಾದರೂ "ನಂಗೆ ತಿಳೀಲಿಲ್ಲ" ಅಂದರೆ ಒಂದೋ ಅವನು ಕೆಲಸ ಕಲಿತಿಲ್ಲ, ಇಲ್ಲವೇ ಸುಳ್ಳು ಹೇಳುತ್ತಿದ್ದಾನೆ.

ಒಂದೊಂದಾಗಿ ಎತ್ತಿ ನೋಡು. ಗುರುತಿದ್ದದ್ದನ್ನೆಲ್ಲ ಬಿಸಾಡು. ಕೈ ತೊಳೆದುಕೋ. ಹೇಳಿಕೆಯ ಕಾಗದಕ್ಕೆ ಸಹಿ ಹಾಕಿ ಆಯಿತೇ?

ಅಣ್ಣ


ಏಪ್ರಿಲ್ 19

ಅಣ್ಣ,

ನೀನು ಹೇಳಿದ ಹಾಗೆ ನೋಡಿದೆ. ಮೇಜಿನ ಮೇಲೆ ಪತ್ರಿಕೆ ಹಾಸಿ, ಅಂಗಡಿಯಿಂದ ತಂದ ಭೂತಗನ್ನಡಿ ಇಟ್ಟುಕೊಂಡು ಒಂದೊಂದೇ ಚೀಲ ಎತ್ತಿದೆ. ಭೂತಗನ್ನಡಿ ಬೇಕಾಗಲೇ ಇಲ್ಲ. ಹದಿಮೂರು ಚೀಲಗಳಲ್ಲಿ ಮೂಲೆಗೆ ಕೆಂಪು ಗಡ್ಡೆ ಇತ್ತು. ಎಂಟು ಚೊಕ್ಕಟವಾಗಿದ್ದವು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ನನ್ನ ಬೆರಳಿಗೂ ತಿಳಿಯತೊಡಗಿತು. ನನ್ನಂಥ ಮಂಕಿಗೂ ಕಾಲು ಗಂಟೆ ಸಾಕಾಯಿತು ನೋಡು.

ನಿನ್ನಷ್ಟು ಬಲ್ಲವರು ಯಾರಿದ್ದಾರೆ ಅಣ್ಣ. ಎಷ್ಟು ಚೆನ್ನಾಗಿ ಬರೆದಿದ್ದೀಯ. ನಿನ್ನ ಕಾಗದವನ್ನು ಎರಡು ಸಲ ಓದಿದೆ, ಮೂರನೆಯ ಸಲವೂ ಓದಿದೆ.

ಇನ್ನೊಂದು ಕೇಳಬೇಕಿತ್ತು. ಅದೇ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಅತ್ತೆ ತಂದಿಟ್ಟ ಕೋಳಿಯೂ ಇದೆ. ಚೆನ್ನಾಗಿ ಬೇಯಿಸಿದರೆ ಏನೂ ಆಗಲ್ಲ ಅನ್ನುತ್ತಾರೆ ಅವರು. ಕೋಳಿಗೂ ಇದೇ ಗುರುತುಗಳೇ? ಅಥವಾ ಅದರಲ್ಲಿ ತಿಳಿಯುವುದಿಲ್ಲವೇ?

ಅಮ್ಮಣ್ಣಿ ನೀರು ಕುಡಿಯಿತು.

ಮಂಕು


ಏಪ್ರಿಲ್ 30

ಮಂಕು,

ಪರವಾಗಿಲ್ಲ, ತಡವಾಗಿಯಾದರೂ ತಲೆ ಓಡುತ್ತಿದೆ. ಅಮ್ಮಣ್ಣಿ ನೀರು ಕುಡಿದದ್ದು ಓದಿ ಎಷ್ಟೋ ಹಗುರವಾಯಿತು.

ಕೋಳಿಯಾದರೆ ಇನ್ನೂ ಸುಲಭ. ಇಲಿಗೆ ಕೂದಲಿದೆ, ಕೋಳಿಗೆ ಅದೂ ಇಲ್ಲ. ಚೀಲದ ತಳದಲ್ಲಿ ಕೆಂಪು ಗಡ್ಡೆ ಬೆರಳು ದಪ್ಪ ಇರುತ್ತದೆ. ತುಂಡುಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಚರ್ಮದ ಮೇಲೆ ಬೂದು ಬಣ್ಣದ ಜಿಡ್ಡು. ಬಿಸಿನೀರು ಸುರಿದ ಕೂಡಲೇ ಸಿಹಿ ಸಿಹಿಯಾಗಿ ಒಂದು ವಾಸನೆ ಬರುತ್ತದೆ, ಮಸಾಲೆ ಹಾಕುವವರೆಗೆ ಮಾತ್ರ. ಮಸಾಲೆ ಬಿದ್ದ ಮೇಲೆ ದೇವರಿಗೂ ತಿಳಿಯುವುದಿಲ್ಲ.

ಬೇಯಿಸಿದರೆ ಸರಿಹೋಗುತ್ತದೆ ಎನ್ನುವ ನಿನ್ನ ಅತ್ತೆಗೆ ಹೇಳು, ಹುಳ ಸಾಯಬಹುದು, ಅದು ಬಿಟ್ಟುಹೋದ ವಿಷ ಸಾಯುವುದಿಲ್ಲ. ನಾಲ್ಕು ಗಂಟೆ ಕುದಿಸಿದರೂ ಅಷ್ಟೇ. ಉಗ್ರಾಣಕ್ಕೆ ಸೇರಿದ ಮೊದಲ ತಿಂಗಳೇ ಇದನ್ನು ಕಲಿಸುತ್ತಾರೆ. ಅನುಮಾನವಿದ್ದ ಚೀಲದ್ದನ್ನು ನಾನು ಒಂದು ದಿನವೂ ಬಾಯಿಗೆ ಇಟ್ಟವನಲ್ಲ. ಅದಕ್ಕೇ ಇಷ್ಟು ವರ್ಷದಲ್ಲಿ ನನಗೆ ಒಂದು ದಿನ ಹೊಟ್ಟೆ ಕೆಟ್ಟಿಲ್ಲ.

ಸಹಿಯ ವಿಷಯ ನೀನು ಬರೆಯಲೇ ಇಲ್ಲ.

ಅಣ್ಣ


ಮೇ 22

ಮಂಕು,

ಮೂರು ವಾರವಾಯಿತು, ನಿನ್ನ ಕಾಗದವಿಲ್ಲ. ಕಾಯಿಲೆಯೇ? ಅಮ್ಮಣ್ಣಿಗೆ ಸಣ್ಣ ಇಲಿ ಕೊಟ್ಟೆಯಾ, ಹೊಟ್ಟೆಯಲ್ಲಿ ನಿಂತಿತೇ? ಈ ತಿಂಗಳು ಅದು ಪೊರೆ ಬಿಡಬೇಕು. ಕಣ್ಣು ಮಸುಕಾಗುತ್ತದೆ, ಗಾಬರಿಯಾಗಬೇಡ. ಪೆಟ್ಟಿಗೆಯೊಳಗೆ ಒದ್ದೆ ಬಟ್ಟೆ ಇಡು.

ವಕೀಲರು ಬಂದಿದ್ದರು. ನೀನು ಫೋನ್ ಎತ್ತುತ್ತಿಲ್ಲವಂತೆ. ಏನಮ್ಮ ಇದು?

ಅಣ್ಣ


ಜೂನ್ 8

ತಂಗೀ,

ಏನು ತಪ್ಪು ಮಾಡಿದೆ ಹೇಳು. ಕಾಗದದಲ್ಲಿ ಒಂದೆರಡು ಬಿರುಸು ಮಾತು ಬಂದಿರಬಹುದು, ಚಿಕ್ಕಂದಿನಿಂದ ನನ್ನ ಬಾಯಿಯೇ ಹಾಗೆ ಎಂದು ನಿನಗೆ ಗೊತ್ತಿಲ್ಲವೇ. ಅಪ್ಪ ಹೋದ ಮೇಲೆ ನಿನ್ನನ್ನು ಸಾಕಿದವನು ನಾನು. ನಿನ್ನ ಮದುವೆ ಮಾಡಿದವನು ನಾನು. ನಿನ್ನ ಗಂಡನಿಗೆ ಫ್ಯಾಕ್ಟರಿಯಲ್ಲಿ ಕೆಲಸ ಕೊಡಿಸಿದವನೂ ನಾನೇ.

ಇನ್ನು ನಾಲ್ಕು ವಾರವೂ ಇಲ್ಲ. ನಿನ್ನ ಸಹಿಯಿಲ್ಲದೆ ಮನವಿ ನಿಲ್ಲುವುದಿಲ್ಲ. ಅದು ಬಿದ್ದರೆ ಇನ್ನೂ ಐದು ವರ್ಷ, ಮಂಕು. ನನಗೆ ಐವತ್ನಾಲ್ಕು ನಡೆಯುತ್ತಿದೆ. ಇಲ್ಲಿ ಪಕ್ಕದ ಹಾಸಿಗೆಯವನು ಹೋದ ವಾರ ಸತ್ತ, ಬೆಳಿಗ್ಗೆ ಎಣಿಕೆಗೆ ಏಳಲಿಲ್ಲ ಎಂದು ಬೈದ ಮೇಲೆಯೇ ತಿಳಿದದ್ದು.

ಅಮ್ಮಣ್ಣಿ ಹೇಗಿದೆ? ಅದಷ್ಟನ್ನಾದರೂ ಬರಿ.

ಅಣ್ಣ


ಜೂನ್ 15

ಅಣ್ಣ,

ನಿನ್ನ ಏಪ್ರಿಲ್ ತಿಂಗಳ ಎರಡು ಕಾಗದಗಳನ್ನು ಅತ್ತೆಗೆ ಓದಿ ಹೇಳಿದೆ. ಅವರಿಗೆ ಓದಲು ಬಾರದು, ನಿನಗೆ ಗೊತ್ತಲ್ಲ. ಹಾಸಿಗೆಯ ತುದಿಯಲ್ಲಿ ಕೂತು ಕೇಳಿದರು. "ಕತ್ತಲೆಯಲ್ಲಿ ಕೈಯಾಡಿಸಿ ಹೇಳುತ್ತೇನೆ" ಎಂದು ನೀನು ಬರೆದಿದ್ದೀಯಲ್ಲ, ಅಲ್ಲಿ ಕೈ ಎತ್ತಿ ನಿಲ್ಲಿಸಿದರು. "ಇನ್ನೊಂದ್ಸಲ ಓದು" ಎಂದರು. ಓದಿದೆ. ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ. "ನಂಗೆ ಎರಡು ವರ್ಷದ ಹಿಂದೇನೇ ಗೊತ್ತಿತ್ತು, ನಿಂಗೆ ಗೊತ್ತಾಗ್ಲಿ ಅಂತ ಕಾಯ್ತಿದ್ದೆ" ಎಂದು ಎದ್ದು ಹೋಗಿ ಮುಖ ತೊಳೆದುಕೊಂಡರು. ಅತ್ತೆಯ ಮುಂದೆ ಎರಡು ವರ್ಷ ನಿನ್ನ ವಕಾಲತ್ತು ಮಾಡಿದ ಈ ಬಾಯನ್ನು ಏನು ಮಾಡಿಕೊಳ್ಳಲಿ ಹೇಳು.

ಮನೆಯಲ್ಲಿ ಅತ್ತೆಯ ಕೋಳಿ ಇರಲೇ ಇಲ್ಲ. ಸುಳ್ಳು ಬರೆದೆ. ನಿನ್ನ ಬಾಯಿಂದಲೇ ಬರಲಿ ಎಂದು ಕೇಳಿದೆ. ಹೊಗಳಿದರೆ ನೀನು ಉಬ್ಬುತ್ತೀಯ, ಉಬ್ಬಿದರೆ ನಿನ್ನ ನಾಲಿಗೆಗೆ ಮೂಳೆ ಇರುವುದಿಲ್ಲ ಎಂದು ಚಿಕ್ಕಂದಿನಿಂದ ನೋಡಿದ್ದೇನೆ. ಮಂಕಾದರೂ ಅಷ್ಟು ಗೊತ್ತಿತ್ತು.

ಅನುಮಾನವಿದ್ದದ್ದನ್ನು ಒಂದು ದಿನವೂ ಬಾಯಿಗಿಟ್ಟವನಲ್ಲ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ನಾನು ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಆ ಸೋಮವಾರ ಬೆಳಿಗ್ಗೆ ನೀನು ಉಗ್ರಾಣದಿಂದ ಫೋನ್ ಮಾಡಿದ್ದೆ. "ಮಂಕು, ಯಾಕೋ ಇವತ್ತು ನಿನ್ ಕೈಯಡುಗೆ ತಿನ್ಬೇಕು ಅನ್ನಿಸ್ತಿದೆ ಕಣೆ, ಡಬ್ಬಿ ಕಳ್ಸು" ಎಂದೆ. ನನಗೆಷ್ಟು ಹಿಗ್ಗು! ಮನೆಯಲ್ಲಿ ಇದ್ದದ್ದು ಒಬ್ಬರ ಊಟ, ಅದೂ ನಮ್ಮ ಯಜಮಾನರಿಗೆಂದು ಕಟ್ಟಿಟ್ಟದ್ದು. "ನೀವು ಇವತ್ತೊಂದಿನ ಕ್ಯಾಂಟೀನಲ್ಲಿ ತಿನ್ನಿ, ಅಣ್ಣ ಆಸೆಪಟ್ಟು ಕೇಳಿದಾನೆ" ಎಂದು ನಾನೇ ಹೇಳಿದೆ. ಸರಿ ಎಂದರು ಆ ಪುಣ್ಯಾತ್ಮ. ಡಬ್ಬಿಯನ್ನು ತಾವೇ ಕೈಯಲ್ಲಿ ಹಿಡಿದುಕೊಂಡು ಬಂದು ನಿನಗೆ ಕೊಟ್ಟರು. ಅವರ ಊಟ ಅದು. ಅವರ ಕೈಯಿಂದಲೇ ನೀನು ತೆಗೆದುಕೊಂಡೆ.

ಎರಡು ವರ್ಷ ನಾನು ದೇವರನ್ನು ಬೈದಿದ್ದೇನೆ, ನನ್ನನ್ನು ನಾನೇ ಬೈದುಕೊಂಡಿದ್ದೇನೆ, ಫ್ಯಾಕ್ಟರಿ ಗೇಟಿನ ಕಾವಲುಗಾರನನ್ನು ಬೈದಿದ್ದೇನೆ. ಶನಿವಾರವೇ ನಿನಗೆ ಫೋನ್ ಮಾಡಿ ಕರೆಂಟು ಹೋದದ್ದನ್ನು ಹೇಳಿದೆ ಎಂದು ಅವನು ಕೋರ್ಟಿನಲ್ಲಿ ಪ್ರಮಾಣ ಮಾಡಿದ. ಕುಡುಕ, ಸುಳ್ಳು ಹೇಳುತ್ತಾನೆ ಎಂದು ನಾನು ಎದ್ದು ನಿಂತು ಕೂಗಿದೆ. ನಿನ್ನನ್ನು ಮಾತ್ರ ಒಂದು ದಿನವೂ ಬೈದಿರಲಿಲ್ಲ.

ನನಗೆ ಒಂದೇ ಒಂದು ಬೇಕು. ಡಬ್ಬಿ ಕೊಡುವಾಗ ಅವರ ಹತ್ತಿರ ನೀನು ಏನು ಮಾತಾಡಿದೆ? ಇದ್ದದ್ದು ಇದ್ದ ಹಾಗೆ ಬರಿ. ಬರೆದರೆ ಅಮ್ಮಣ್ಣಿಯ ಸುದ್ದಿ ಬರೆಯುತ್ತೇನೆ. ಅಲ್ಲಿಯವರೆಗೆ ಅದರ ವಿಷಯ ಒಂದಕ್ಷರವೂ ಬರೆಯುವುದಿಲ್ಲ.

ತಂಗಿ


ಜೂನ್ 25

ತಂಗೀ,

ಇದು ಅಂಚೆಯಲ್ಲಿ ಬರುತ್ತಿಲ್ಲ, ಇವತ್ತು ಬಿಡುಗಡೆಯಾಗುವವನೊಬ್ಬನ ಅಂಗಿಯೊಳಗೆ ಬರುತ್ತಿದೆ. ಓದಿದ ಕೂಡಲೇ ಸುಟ್ಟುಬಿಡು. ಮೊದಲಿನವನ್ನೂ ಸುಡು. ನಿನ್ನ ಕಾಲಿಗೆ ಬೀಳುತ್ತೇನೆ.

ಫ್ಯಾಕ್ಟರಿಗೆ ರಜೆಯಿದ್ದರೂ ಆ ಶನಿವಾರ ಉಗ್ರಾಣದಲ್ಲಿ ನನಗೆ ಕೆಲಸವಿತ್ತು. ರಜೆ ಹಾಕದೆ ಅಮ್ಮಣ್ಣಿಯನ್ನು ತರಲು ಹೋಗಿದ್ದೆ. ಮಾರುವವನು ಅವತ್ತೇ ಬಾ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಹೋಗಿ ಬರಲು ಎರಡು ದಿನ ಬೇಕು. ಕಾವಲುಗಾರ ಫೋನ್ ಮಾಡಿದಾಗ ನಾನು ಬಸ್ಸಿನಲ್ಲಿದ್ದೆ. ನೋಡ್ಕೊಳ್ತೀನಿ ಎಂದೆ. ಆಗಲೇ ಇಳಿದು ವಾಪಸ್ಸು ಬಂದಿದ್ದರೆ ಎಲ್ಲ ಉಳಿಯುತ್ತಿತ್ತು. ಇಳಿಯಲಿಲ್ಲ. ಸೋಮವಾರ ಬಾಗಿಲು ತೆಗೆದಾಗ ನನಗೆ ತಿಳಿಯಿತು. ಸುಳ್ಳು ಹೇಳುವುದಿಲ್ಲ, ತಿಳಿಯಿತು. ಅಷ್ಟು ಮಾಂಸ ಬಿಸಾಡಬೇಕಾದರೆ ಯಾಕೆಂದು ಬರೆಯಬೇಕು, ಬರೆದರೆ ನಾನು ಎಲ್ಲಿದ್ದೆ ಎಂದು ಕೇಳುತ್ತಾರೆ. ಒಂದಿಬ್ಬರಿಗೆ ಹೊಟ್ಟೆ ಕೆಡಬಹುದು ಎಂದುಕೊಂಡೆ. ದೇವರಾಣೆ, ಅಷ್ಟೇ ಎಂದುಕೊಂಡೆ. ಎಷ್ಟೋ ಕಡೆ ಹೀಗೆ ನಡೆಯುತ್ತದೆ, ಯಾರೂ ಸಾಯುವುದಿಲ್ಲ.

ನೀನು ಕೇಳಿದ್ದು. ನಿನ್ನ ಗಂಡ ಬಾಗಿಲ ಹತ್ತಿರ ನಿಂತು ಡಬ್ಬಿ ಕೊಟ್ಟ. "ಹಾಗಾದ್ರೆ ನಂಗೆ ಇವತ್ತು ಕ್ಯಾಂಟೀನಲ್ಲಿ ಏನಿದೆ?" ಅಂದ. ನಾನು "ಕೋಳಿ" ಅಂದೆ. "ಅಯ್ಯೋ ನಂಗೇ ಲಾಭ ಆಯ್ತಲ್ಲ, ಡಬ್ಬೀಲಿ ಬರೀ ಸೊಪ್ಪು" ಎಂದು ನಕ್ಕ. ನಾನೂ ನಕ್ಕೆ. ಅಷ್ಟೇ. ತಿನ್ನಬೇಡ ಅನ್ನಲು ಬಾಯಿ ತೆರೆದಿದ್ದೆ, ಪಕ್ಕದಲ್ಲಿ ಅಡುಗೆಯವನು ನಿಂತಿದ್ದ. ಇವನೊಬ್ಬನಿಗೆ ಬೇಡ ಅಂದರೆ ಯಾಕೆ ಎಂದು ಅವನು ಕೇಳುತ್ತಿದ್ದ.

ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಸತ್ತವನು ಬರುವುದಿಲ್ಲ, ಇರುವವನನ್ನು ಕೊಲ್ಲಬೇಡ. ಸಹಿ ಹಾಕು. ನಾನು ಬಂದು ನಿನ್ನ ಮನೆಯ ಜೀತ ಮಾಡುತ್ತೇನೆ.

ಅಮ್ಮಣ್ಣಿ ಪೊರೆ ಬಿಟ್ಟಿತೇ? ಮತ್ತೆ ಕಕ್ಕಲಿಲ್ಲವಷ್ಟೇ? ಇಲ್ಲಿ ನನಗೆ ದಿನ ದೂಡಲು ಇರುವುದು ಅದರ ಯೋಚನೆಯೊಂದೇ. ಮಾತು ಕೊಟ್ಟಿದ್ದೀಯ.

ಅಣ್ಣ


ಜುಲೈ 11

ಅಣ್ಣ,

ಐದನೆಯ ತಾರೀಕು ಕೋರ್ಟಿನಲ್ಲಿ ನಿನ್ನ ಮನವಿ ಬಿದ್ದದ್ದನ್ನು ವಕೀಲರು ನಿನಗೆ ಹೇಳಿರುತ್ತಾರೆ. ಕಾಗದಗಳನ್ನು ಸರ್ಕಾರಿ ವಕೀಲರಿಗೆ ನಾನೇ ಕೈಯಾರೆ ಕೊಟ್ಟೆ, ಅಂಗಿಯೊಳಗೆ ಬಂದದ್ದನ್ನೂ ಸೇರಿಸಿ. ಅಕ್ಷರ ನಿನ್ನದೇ ಹೌದಾ ಎಂದು ನ್ಯಾಯಾಧೀಶರು ಕೇಳಿದರು. "ಹೌದು ಸ್ವಾಮಿ, ನಂಗೆ ಅಆಇಈ ಕಲಿಸಿದ ಕೈ ಅದು" ಎಂದೆ. ಕೋಳಿಯ ಕಾಗದವನ್ನು ಗಟ್ಟಿಯಾಗಿ ಓದಿಸಿದರು. ಮಸಾಲೆ ಬಿದ್ದ ಮೇಲೆ ದೇವರಿಗೂ ತಿಳಿಯುವುದಿಲ್ಲ ಎನ್ನುವಲ್ಲಿಗೆ ಬಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಹೆಂಗಸು ಬಿಕ್ಕಿದಳು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಇಷ್ಟು ದಿನ ನಾನು ಸತ್ತವರ ಮನೆಯವರೆಲ್ಲರ ಎದುರು ಪಕ್ಷದಲ್ಲಿ ಕೂತಿದ್ದೆ.

ಆ ಕಾವಲುಗಾರನ ಮನೆಗೂ ಹೋಗಿ ಬಂದೆ. ಕುಡುಕ ಎಂದು ನಾನು ಕೂಗಿದ ಮೇಲೆ ಅವನಿಗೆ ಎಲ್ಲೂ ಕಾವಲಿನ ಕೆಲಸ ಸಿಕ್ಕಿಲ್ಲ. ಈಗ ಹಳೇ ಪೇಪರು ಆಯುತ್ತಾನೆ. ಕೈಮುಗಿದೆ. "ನಿಮ್ಮಣ್ಣ ಒಳ್ಳೇವ್ರು ಅಂತ ನಾನೂ ನಂಬಿದ್ದೆ ಕಣಮ್ಮ" ಎಂದ. ಕೂರು ಎನ್ನಲಿಲ್ಲ. ನಾನೂ ಕೂರಲು ಹೋಗಿರಲಿಲ್ಲ.

ನಿನ್ನ ಕೊನೆಯ ಕಾಗದವನ್ನು ಅತ್ತೆಗೆ ಓದಲಿಲ್ಲ. ಮಗ ನಗುತ್ತಾ ಹೋದ ಎಂದಷ್ಟೇ ಹೇಳಿದೆ. ನಿನ್ನ ನಗುವಿನ ವಿಷಯ ನನ್ನೊಳಗೇ ಇರಲಿ, ಅದನ್ನು ಹೊರಲು ಆ ಮುದಿಜೀವಕ್ಕೆ ಆಗುವುದಿಲ್ಲ. ನನಗೂ ಆಗುತ್ತಿಲ್ಲ. ಕೆಲಸದಲ್ಲಿ ಗಾಜು ಉಜ್ಜುವಾಗ ನಡುನಡುವೆ ಅದು ಕೇಳಿಸುತ್ತದೆ, ಕೈ ನಿಂತುಹೋಗುತ್ತದೆ.

ಆ ನಾಲ್ಕು ಜನರಲ್ಲಿ ಒಬ್ಬರ ಹೆಸರನ್ನಾದರೂ ನೀನು ಈ ಎರಡು ವರ್ಷದಲ್ಲಿ ಬರೆದಿಲ್ಲ. ಅಮ್ಮಣ್ಣಿಯನ್ನು ಮಾತ್ರ ಒಂದು ಕಾಗದದಲ್ಲೂ ಮರೆತಿಲ್ಲ. ಇವತ್ತು ಭಾನುವಾರ, ಅದಕ್ಕೆ ಉಣ್ಣಿಸುವ ದಿನ. ಹದಿಮೂರು ಇಲಿಗಳನ್ನು ಬಿಸಾಡು ಎಂದು ನೀನು ಬರೆದಿದ್ದೆ, ನಾನು ಬಿಸಾಡಿರಲಿಲ್ಲ. ಬೆಳಿಗ್ಗೆ ಡಬ್ಬದೊಳಗೆ ಕೈಹಾಕಿ ಒಂದು ಚೀಲ ಎತ್ತಿದೆ. ಎಂಥದ್ದೆಂದು ಮುಟ್ಟಿದ ಕೂಡಲೇ ತಿಳಿಯಿತು. ಬಿಸಿನೀರಿಗೆ ಹಾಕಿದೆ. ಇಕ್ಕಳದಲ್ಲಿ ಹಿಡಿದು ಪೆಟ್ಟಿಗೆಯ ಬಾಗಿಲು ತೆಗೆದೆ. ಅಮ್ಮಣ್ಣಿ ತಲೆ ಎತ್ತಿ, ನಾಲಿಗೆ ಚಾಚಿ, ನನ್ನ ಕೈಯ ಹತ್ತಿರ ಹತ್ತಿರಕ್ಕೆ ಬಂತು. ಕೊಡುವವರನ್ನು ಅದು ಅನುಮಾನಿಸುವುದಿಲ್ಲ ಅಣ್ಣ. ಆಗ ಅಲ್ಲಿ ನಿಂತು ನಾನು ಏನು ಮಾಡಿದೆ ಎನ್ನುವುದು ನನಗೆ ಗೊತ್ತು.

ಅದರ ಸುದ್ದಿ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ತಪ್ಪುತ್ತಿದ್ದೇನೆ. ಬದುಕಿದೆಯೋ, ಸತ್ತಿತೋ, ನಾನು ಬರೆಯುವುದಿಲ್ಲ. ಇಲ್ಲಿಂದ ಬಂದು ಹೇಳುವವರು ನಿನಗೆ ಯಾರೂ ಇಲ್ಲ. ಗೊತ್ತಿರಲಿಲ್ಲ, ಗೊತ್ತಿರಲಿಲ್ಲ ಎಂದು ಎರಡು ವರ್ಷ ಹೇಳಿದೆಯಲ್ಲ, ಇನ್ನು ಐದು ವರ್ಷ ನಿಜವಾಗಿಯೂ ಗೊತ್ತಿಲ್ಲದೆ ಇರು.